ಶರತ್ಕಾಲದ ಒಂದು ಸಮುದ್ರಯಾನ

ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೂ ಈಗ ಕಡಲೆಂಬುದು ನೋಡುವ ವಸ್ತುವಾಗಿದೆಯೇ ಹೊರತು ನಡೆಯುವ ದಾರಿಯಾಗಿ ಉಳಿದಿಲ್ಲ. ಎಪ್ಪತ್ತೈದು ವರ್ಷಗಳ ಹಿಂದೆ ಹೀಗಿರಲಿಲ್ಲ. ಕಾರವಾರ, ಕುಮಟೆ, ಹೊನ್ನಾವರ, ಭಟ್ಕಳ, ಮಲ್ಪೆ, ಮಂಗಳೂರು ಎಂದು ಹಿರಿಯರು ಊರುಗಳನ್ನು ಎಣಿಸುತ್ತಿದ್ದುದು ಆಗಬೋಟಿನ ದಾರಿಯ ಕ್ರಮದಲ್ಲಿ. ಶ್ರಾವಣದ ಹುಣ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿಯನ್ನು ಅರ್ಪಿಸಿ, ಮಳೆಗಾಲದ ರೋಷವು ಇಳಿದ ಬಳಿಕ ಹಡಗುಗಳ ಸಂಚಾರವು ಮೊದಲಾಗುತ್ತಿತ್ತು. ಜೂನ್ ತಿಂಗಳು ಬಂದಿತೆಂದರೆ ನಿಲ್ಲುತ್ತಿತ್ತು. ಮಳೆಯ ಆ ನಾಲ್ಕು ತಿಂಗಳು ಕರಾವಳಿಯ ಊರಿಗೂ ಊರಿಗೂ ಸಂಬಂಧವು ಕಡಿದುಹೋದಂತೆಯೇ. ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ದೋಣಿಯಲ್ಲಿ ದಾಟಬೇಕು. ಹೊಳೆ ತುಂಬಿದರೆ ದೋಣಿಯೂ ಇಲ್ಲ. ಮುಂದೆ ಹೊಳೆಗಳಿಗೆ ಸೇತುವೆಗಳಾದವು, ಮೋಟಾರುಗಳು ಬಂದವು, 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆಯಿತು. ಆಗಬೋಟಿನ ಸಿಳ್ಳು ಯಾವಾಗ ನಿಂತಿತೆಂದು ನೆನಪಿಟ್ಟವರು ಕೂಡ ಈಗ ವಿರಳ.

ಮಂಗಳೂರಿನ ಒಂದು ಕುಟುಂಬದ ಹದಿಮೂರು ಮಂದಿ 2023ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ, ವಿಜಯದಶಮಿ ಕಳೆದ ಮೂರನೆಯ ದಿನ, ಮುಂಬಯಿಯಿಂದ ಗೋವೆಯ ಮಾರ್ಗವಾಗಿ ಕೊಚ್ಚಿಗೆ ಹೋಗುವ ವಿಹಾರದ ಹಡಗನ್ನು ಹತ್ತಿದರು. ಅಜ್ಜಿಗೆ ತೊಂಬತ್ತು ತುಂಬಿದ ಸಂತೋಷಕ್ಕಾಗಿ ಈ ಏರ್ಪಾಡು. ಮುಂಬಯಿಯಲ್ಲಿರುವ ಎರಡನೆಯ ಮಗನು ಇದನ್ನು ಸೂಚಿಸಿದಾಗ ಹಿರಿಯ ಮಗನು ಒಪ್ಪಲಿಲ್ಲ. ತೊಂಬತ್ತು ವರ್ಷದ ಜೀವವನ್ನು ನೀರಿನ ಮೇಲೆ ಕೊಂಡೊಯ್ಯುವುದು ವಿವೇಕವಲ್ಲವೆಂದೂ, ಆ ಹಣದಲ್ಲಿ ಮನೆಯಲ್ಲಿಯೇ ಶಾಂತಿಹೋಮ ಮಾಡಿಸಿ ನೂರು ಜನಕ್ಕೆ ಊಟವಿಡಬಹುದೆಂದೂ ಅವನ ವಾದ. ಹುಬ್ಬಳ್ಳಿಯಲ್ಲಿರುವ ಮಗಳು ಎರಡು ಕಡೆಗೂ ತಲೆಯಾಡಿಸಿದಳು. ಮಾತು ಹೀಗೆ ಎಳೆದಾಡುತ್ತಿರಲು ಅಜ್ಜಿಯವರು ಕೇಳಿದ್ದು ಒಂದೇ ಪ್ರಶ್ನೆ:

“ಹಡಗು ಅಂಜುದೀವದ ಹೊರಗಿನಿಂದ ಹೋಗುತ್ತದೆಯೋ?”

ಅಂಜುದೀವವೆಂದರೇನೆಂದು ಮೊಮ್ಮಕ್ಕಳಾರಿಗೂ ತಿಳಿಯದು. ಮಗಳ ಮಗನು ಇಂಜಿನಿಯರು. ಅವನು ನಕಾಶೆಯನ್ನು ನೋಡಿ, ಗೋವೆಯಿಂದ ತೆಂಕಣಕ್ಕೆ ಹೋಗುವ ಯಾವ ಹಡಗಿಗೂ ಬೇರೆ ದಾರಿಯೇ ಇಲ್ಲವೆಂದು ಹೇಳಿದನು. “ಹಾಗಾದರೆ ನಾನು ಬರುತ್ತೇನೆ. ಆದರೆ ಆ ಹೊತ್ತಿಗೆ ನಾನು ನಿದ್ದೆಯಲ್ಲಿದ್ದರೆ ಯಾರಾದರೂ ನನ್ನನ್ನು ಎಬ್ಬಿಸಬೇಕು” ಎಂದರು. ಅಲ್ಲಿಗೆ ಹೋಮದ ಮಾತು ಮುಗಿಯಿತು.

ಅಂಜುದೀವವು ಕಾರವಾರದ ತೆಂಕಣಕ್ಕೆ, ಅರ್ಗಾ, ಬಿಣಗಾ ಎಂಬ ಹಳ್ಳಿಗಳ ಎದುರಿಗಿರುವ ಒಂದು ಸಣ್ಣ ದ್ವೀಪ. ಅದರ ಗಾತ್ರಕ್ಕೂ ಅದರ ಚರಿತ್ರೆಗೂ ಹೊಂದಿಕೆಯಿಲ್ಲ. ವಾಸ್ಕೋ ಡ ಗಾಮನು 1498ರಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ ಹಡಗುಗಳನ್ನು ದುರಸ್ತಿ ಮಾಡಿಕೊಂಡುದು ಇಲ್ಲಿ. 1661ರ ವಿವಾಹದ ಒಡಂಬಡಿಕೆಯಂತೆ ಮುಂಬಯಿಯನ್ನು ಬಳುವಳಿಯಾಗಿ ಪಡೆಯಲು ಬಂದ ಇಂಗ್ಲಿಷ್ ದಂಡಿಗೆ ಅದು ಕೂಡಲೆ ದೊರೆಯದೆ, ಸೈನಿಕರು ಈ ದ್ವೀಪದಲ್ಲಿ ಕಾದು ಕುಳಿತು, ಮಳೆ ರೋಗಗಳಿಂದ ಸಾಯುತ್ತ ಸಾಯುತ್ತ, 1665ರಲ್ಲಿ ಮುಂಬಯಿಯು ಕೈಸೇರುವ ಹೊತ್ತಿಗೆ ನೂರು ಚಿಲ್ಲರೆ ಮಂದಿ ಮಾತ್ರ ಉಳಿದಿದ್ದರು. ಅವರ ನಾಯಕನೂ ಅಲ್ಲಿಯೇ ಮಣ್ಣಾಗಿದ್ದನು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆಯೂ ಹದಿನಾಲ್ಕು ವರ್ಷ ಅದು ಪೋರ್ತುಗೀಜರದಾಗಿಯೇ ಇದ್ದು, 1961ರ ಡಿಸೆಂಬರಿನಲ್ಲಿ ನೌಕಾದಳದ ಏಳು ಮಂದಿಯ ಪ್ರಾಣವನ್ನು ತೆಗೆದುಕೊಂಡ ಬಳಿಕ ಭಾರತಕ್ಕೆ ಸೇರಿತು.

ಅಜ್ಜಿಗೆ ಈ ಚರಿತ್ರೆಯಾವುದೂ ಮುಖ್ಯವಲ್ಲ. ಅವರ ತವರುಮನೆಯು ಅರ್ಗಾದಲ್ಲಿ. ಅಂಗಳದಿಂದ ಇಳಿದರೆ ಮರಳು, ಮರಳಿನಿಂದ ಕಣ್ಣೆತ್ತಿದರೆ ಅಂಜುದೀವ. “ಫಿರಂಗಿಯವರ ಗುಡ್ಡ” ಎಂದು ಮಕ್ಕಳು ಅದಕ್ಕೆ ಬೆರಳು ತೋರಿಸುತ್ತಿದ್ದರಂತೆ. 1948ರ ವೈಶಾಖದಲ್ಲಿ, ಹದಿನೈದು ವರ್ಷದವರಿರುವಾಗ, ಅವರಿಗೆ ವಿವಾಹವಾಯಿತು. ವರನು ಮಂಗಳೂರಿನಲ್ಲಿ ಶಾಲೆಯ ಉಪಾಧ್ಯಾಯ. ಆಗ ಕಾರವಾರವು ಮುಂಬಯಿ ಇಲಾಖೆಗೂ ಮಂಗಳೂರು ಮದರಾಸು ಇಲಾಖೆಗೂ ಸೇರಿದ್ದುದರಿಂದ ಹಳ್ಳಿಯವರಿಗೆ ಅದು ಪರದೇಶವೇ ಆಗಿತ್ತು. ಮಳೆಗಾಲ ಕಳೆಯಲಿ, ಹಡಗು ಮೊದಲಾಗಲಿ ಎಂದು ಕಾದಿದ್ದು, ದಸರೆಯ ಬಳಿಕ ಹೆಣ್ಣನ್ನು ಕಾರವಾರದ ಕೊಲ್ಲಿಯಲ್ಲಿ ಆಗಬೋಟು ಹತ್ತಿಸಿ ಕಳುಹಿಸಿದರು.

ಆ ಮನೆಯೂ ಈಗ ಇಲ್ಲ, ಆ ಮರಳಿಗೆ ಹೋಗುವ ದಾರಿಯೂ ಇಲ್ಲ. ‘ಸೀಬರ್ಡ್’ ಎಂಬ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಹಾಕಿದರು. 2005ರಲ್ಲಿ ‘ಕದಂಬ’ ಎಂಬ ಹೆಸರಿನಿಂದ ಅದು ಕೆಲಸಕ್ಕೆ ತೊಡಗಿತು. ಕಾರವಾರ, ಅಂಕೋಲೆಗಳ ತೀರದ ಹಲವು ಹಳ್ಳಿಗಳವರು ಮನೆ, ತೋಟ, ದೇವರ ಕಟ್ಟೆಗಳನ್ನು ಬಿಟ್ಟು ಬೇರೆ ಕಡೆಗೆ ಹೋದರು. ಅಂಜುದೀವಕ್ಕೂ ನೆಲಕ್ಕೂ ನಡುವೆ ಕಲ್ಲಿನ ಒಡ್ಡು ಬಿದ್ದಿತು. ದೇಶಕ್ಕೆ ನೌಕಾನೆಲೆಯು ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಹಳ್ಳಿಯು ಗೋಡೆಯ ಒಳಗೆ ಸೇರಿದ ಮೇಲೆ, ಅಲ್ಲಿ ಹುಟ್ಟಿದ ಮುದುಕಿಗೆ ತನ್ನ ಮರಳನ್ನು ನೋಡಲು ಯಾರ ಅಪ್ಪಣೆ ಬೇಕೆಂಬುದು ಯಾವ ಕಾಗದದಲ್ಲಿಯೂ ಬರೆದಿರುವುದಿಲ್ಲ. ಮುಂಬಯಿಗೆ ಹೋಗುವಾಗ ಮತ್ಸ್ಯಗಂಧಾ ರೈಲು ಕತ್ತಲಾದ ಮೇಲೆ ಕಾರವಾರವನ್ನು ದಾಟಿತು. ಕಿಟಕಿಯಿಂದ ಇಣುಕೆಂದು ಸೊಸೆಯು ಹೇಳಿದರೆ ಅಜ್ಜಿ ಇಣುಕಲಿಲ್ಲ. “ರೈಲಿನಿಂದ ಕಾಣುವುದು ಊರಿನ ಬೆನ್ನು. ಮುಖ ಕಾಣಬೇಕಾದರೆ ಕಡಲಿನಿಂದಲೇ ನೋಡಬೇಕು” ಎಂದರು.

ಹಡಗಿನ ವಿಷಯವನ್ನು ಎಷ್ಟು ಹೇಳಿದರೂ ಸಾಲದು. ಆದುದರಿಂದ ಸ್ವಲ್ಪವೇ ಹೇಳುವುದು ಒಳ್ಳೆಯದು. ಅದು ಹಡಗಿನಂತಿರದೆ, ನೆಲದಿಂದ ಕಿತ್ತು ತಂದು ನೀರಿನಲ್ಲಿ ಇಟ್ಟ ಹತ್ತಂತಸ್ತಿನ ಒಂದು ಸೌಧದಂತಿದ್ದಿತು. ಅಂಗಡಿಗಳು, ನಾಟಕಶಾಲೆ, ಈಜುಕೊಳ, ಜೂಜಿನ ಮನೆ, ರಾತ್ರಿ ಹಗಲೆನ್ನದೆ ಬೇಯುವ ಅಡಿಗೆ. ಕೋಣೆಯ ಒಳಗಿನ ಕನ್ನಡಿಯಂಥ ಪಟದ ಮೇಲೆ ಒಂದು ಸಣ್ಣ ಹಡಗಿನ ಗುರುತು ಇರುವೆಯಂತೆ ತೆವಳುತ್ತ ತಾನೆಲ್ಲಿರುವೆನೆಂದು ತೋರಿಸುತ್ತಿತ್ತು. ಬೆಲ್ಲಾರ್ಡ್ ಪಿಯರಿನಲ್ಲಿ ಹತ್ತುವಾಗ ಆಧಾರ ಚೀಟಿಗಳ ತಪಾಸಣೆಯಾಯಿತು. ಹಿರಿಯ ಸೊಸೆಯ ಪೆಟ್ಟಿಗೆಯಿಂದ ಚಕ್ಕುಲಿಯ ಡಬ್ಬವನ್ನೂ ಮಿಡಿ ಉಪ್ಪಿನಕಾಯಿಯ ಭರಣಿಯನ್ನೂ ಹೊರಗಿಡಿಸಿದರು. ಆ ಭರಣಿಯ ದುಃಖವು ಕೊಚ್ಚಿಯವರೆಗೂ ಆರಲಿಲ್ಲ.

ಒಂದು ವಿಚಿತ್ರವನ್ನು ಮಾತ್ರ ಹೇಳದಿರುವಂತಿಲ್ಲ. ಹದಿಮೂರು ಮಂದಿಯೂ ಒಟ್ಟಿಗಿರಬೇಕೆಂದು ಬಂದವರು. ಹಡಗು ಹತ್ತಿದ ಅರ್ಧ ಗಂಟೆಯಲ್ಲಿ ಹದಿಮೂರು ದಿಕ್ಕಾದರು. ಮಕ್ಕಳು ಕೊಳಕ್ಕೆ, ತರುಣರು ಸಂಗೀತದ ಗದ್ದಲಕ್ಕೆ, ಅಳಿಯಂದಿರು ಮೇಲಿನ ಅಂತಸ್ತಿನ ಗಾಳಿಗೆ, ಹೆಂಗಸರು ಅಂಗಡಿಗಳಿಗೆ. ಒಬ್ಬರನ್ನೊಬ್ಬರು ಹುಡುಕುವುದಕ್ಕೇ ಹೊತ್ತು ಹೋಗುತ್ತಿತ್ತು. ಹಳೆಯ ಆಗಬೋಟಿನಲ್ಲಿ ಬಡವರ ಪಾಲಿಗೆ ಇದ್ದುದು ಒಂದೇ ಮೇಲಟ್ಟ. ಅಲ್ಲಿ ಚಾಪೆ ಹಾಸಿ, ತೆಂಗಿನಕಾಯಿಯ ಮೂಟೆ, ಕೋಳಿಯ ಪಂಜರ, ಪರರ ಕೂಸು ಇವುಗಳ ನಡುವೆ ಕಾಲು ಮಡಚಿ ಕುಳಿತವರಿಗೆ ಬೇರೆಯಾಗುವ ಸ್ವಾತಂತ್ರ್ಯವೇ ಇರಲಿಲ್ಲ. ಕವೀಂದ್ರ ರವೀಂದ್ರರು 1883ರಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂಧುವರ್ಗದೊಡನೆ ಬಂದು, ಹಿಂದಿರುಗುವಾಗ ಹಡಗಿನ ಮೇಲಟ್ಟದಲ್ಲಿ ಕುಳಿತು ತಮ್ಮ ನಾಟಕಕ್ಕೆ ಹಾಡುಗಳನ್ನು ರಚಿಸಿ ಹಾಡಿದರೆಂದು ಅವರೇ ಬರೆದುಕೊಂಡಿದ್ದಾರೆ. ಈ ಹೊಸ ಹಡಗಿನ ಮೇಲಟ್ಟದಲ್ಲಿ ಅವರು ಕುಳಿತಿದ್ದರೆ ಅಲ್ಲಿಯ ಧ್ವನಿವರ್ಧಕವು ಅವರ ಹಾಡನ್ನು ಅವರಿಗೇ ಕೇಳಗೊಡುತ್ತಿರಲಿಲ್ಲ.

ಅಜ್ಜಿಯೊಡನೆ ಉಳಿದವಳು ಎರಡನೆಯ ಮಗನ ಕಿರಿಯ ಮಗಳು. ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ; ಸದ್ದುಗದ್ದಲದಲ್ಲಿ ಆಸಕ್ತಿಯಿಲ್ಲದವಳೆಂದಲ್ಲ, ಆದರೆ ಎಬ್ಬಿಸುವ ಹೊಣೆಯನ್ನು ಅವಳು ತಾನಾಗಿ ಹೊತ್ತಿದ್ದಳು.

ಮರುದಿನ, ಅಕ್ಟೋಬರ್ 28, ಶನಿವಾರ. ಹಡಗು ಮುರಗಾವಿನ ಬಂದರಿನಲ್ಲಿ ಹಗಲೆಲ್ಲ ನಿಂತಿತು. ಗಂಡಸರು ಮಂಗೇಶಿಗೆ ಹೋಗಿ ಬಂದರು, ತರುಣರು ಎಲ್ಲೆಲ್ಲಿಗೋ ಹೋಗಿ ಬಂದರು. ಅಂದು ಶರತ್ಪೂರ್ಣಿಮೆ, ಕೋಜಾಗರಿ. ಅಂದೇ ರಾತ್ರಿ ಖಂಡಗ್ರಾಸ ಚಂದ್ರಗ್ರಹಣ. ಪಂಚಾಂಗವನ್ನು ನೋಡದೆ ದಿನವನ್ನು ಗೊತ್ತುಮಾಡಿದನೆಂದು ಎರಡನೆಯ ಮಗನಿಗೆ ಅಣ್ಣನಿಂದ ಸಾಕಷ್ಟು ಮಾತು ಬಂದಿತು. ಅರ್ಧರಾತ್ರಿಯ ಬಳಿಕ 1 ಗಂಟೆ 5 ನಿಮಿಷಕ್ಕೆ ಸ್ಪರ್ಶ, 2 ಗಂಟೆ 24 ನಿಮಿಷಕ್ಕೆ ಮೋಕ್ಷ. ಸಂಪ್ರದಾಯದಂತೆ ಚಂದ್ರಗ್ರಹಣಕ್ಕೆ ಒಂಬತ್ತು ಗಂಟೆ ಮುಂಚಿತವಾಗಿ ವೇಧ. ಎಂದರೆ ಸಂಜೆ ನಾಲ್ಕು ಗಂಟೆಯಿಂದ ನಿರಾಹಾರ. ಬಾಲರಿಗೂ ವೃದ್ಧರಿಗೂ ವಿನಾಯಿತಿಯುಂಟೆಂದು ಎಲ್ಲರೂ ಹೇಳಿದರೂ ಅಜ್ಜಿಯು ಒಪ್ಪಲಿಲ್ಲ. ಅವರು ಒಪ್ಪದಿದ್ದ ಮೇಲೆ ಸೊಸೆಯಂದಿರಿಗೂ ಒಪ್ಪುವಂತಿರಲಿಲ್ಲ. ಮುಂಗಡವಾಗಿ ಹಣವನ್ನು ಕೊಟ್ಟ ಊಟವು ಮೂರು ಭೋಜನಶಾಲೆಗಳಲ್ಲಿ ಬೆಟ್ಟದಂತೆ ರಾಶಿ ಬಿದ್ದಿರಲು, ಅದರ ಪರಿಮಳವನ್ನು ಸಹಿಸುತ್ತ ಉಪವಾಸವಿದ್ದ ಆ ಸಾಧ್ವಿಯರ ತಾಳ್ಮೆಯು ಯಾವ ವ್ರತಕಥೆಗೂ ಕಡಿಮೆಯದಲ್ಲ. ಗಂಡಸರಲ್ಲಿ ಕೆಲವರು ಸ್ವಲ್ಪ ಹೊತ್ತು ಕಾಣೆಯಾಗಿ ಬಾಯಿ ಒರಸಿಕೊಂಡು ಬಂದುದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ.

ರಾತ್ರಿ ಹತ್ತೂವರೆಗೆ ಹಡಗು ಬಂದರನ್ನು ಬಿಟ್ಟಿತು. ಮೊಮ್ಮಗಳು ಅಜ್ಜಿಯನ್ನು ಎಬ್ಬಿಸಬೇಕಾಗಿ ಬರಲಿಲ್ಲ. ಅವರು ಮಲಗಿಯೇ ಇರಲಿಲ್ಲ. ಹನ್ನೆರಡೂವರೆಗೆ ಶಾಲು ಹೊದೆದು, ಜಪಮಾಲೆಯನ್ನು ಹಿಡಿದು, ಗಾಲಿಕುರ್ಚಿಯಲ್ಲಿ ಕುಳಿತು ಸಿದ್ಧರಾಗಿದ್ದರು. ಇಂಜಿನಿಯರು ಮೊಮ್ಮಗನು ಹಡಗಿನ ಒಬ್ಬ ನೌಕರನನ್ನು ಕೇಳಿಕೊಂಡು, ಮುಂಭಾಗದಲ್ಲಿ ದೀಪವಿಲ್ಲದ ಒಂದು ಎಡೆಯನ್ನು ಹುಡುಕಿದ್ದನು. ಅಲ್ಲಿ ಸಂಗೀತದ ಸದ್ದು ನೆಲದೊಳಗಿನ ಗುಡುಗಿನಂತೆ ಮಾತ್ರ ಕೇಳಿಸುತ್ತಿತ್ತು.

ಶರತ್ಕಾಲದ ಕಡಲನ್ನು ಕಂಡವರಿಗೆ ಆ ರಾತ್ರಿಯನ್ನು ವರ್ಣಿಸಬೇಕಾದುದಿಲ್ಲ. ಕಾಣದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಮಳೆಯಿಂದ ತೊಳೆದ ಆಕಾಶ; ಎಣ್ಣೆ ಹೊಯ್ದಂತೆ ನುಣುಪಾದ ನೀರು; ನೆತ್ತಿಯ ಮೇಲೆ ಅಶ್ವಿನಿಯ ಚಂದ್ರನು, ಅವನ ಸಮೀಪದಲ್ಲಿಯೇ ಸೇವಕನಂತೆ ನಿಂತ ಗುರುಗ್ರಹ. ಎಡಗಡೆಗೆ ಕರಾವಳಿಯು ಒಂದು ಮಸಕು ಗೆರೆಯಷ್ಟೇ. ಹಡಗು ತೀರದಿಂದ ಹದಿನೈದು ಮೈಲಿಯ ಮೇಲೆ ದೂರದಲ್ಲಿದ್ದಿತು. ದೊಡ್ಡ ಹಡಗುಗಳು ಹತ್ತಿರ ಸುಳಿಯುವ ಕಡಲು ಅದಲ್ಲ. ಮೊಮ್ಮಗನು ಕೈಯೊಳಗಿನ ಟೆಲಿಫೋನಿನ ನಕಾಶೆಯನ್ನು ನೋಡುತ್ತ, “ಅದೋ, ಆ ಮಿನುಗುವುದು ದೇವಗಡ ದ್ವೀಪದ ದೀಪಸ್ತಂಭ. 1864ರಲ್ಲಿ ಕಟ್ಟಿದ್ದು. ಅದರ ಹಿಂದೆ ಕಾರವಾರ” ಎಂದನು. ಅಜ್ಜಿಗೆ ಅದು ಕಂಡಿತು. ಕಣ್ಣಿಗೆ ಶಸ್ತ್ರವಾದ ಮೇಲೆ ದೂರದ ವಸ್ತು ಚೆನ್ನಾಗಿ ಕಾಣುತ್ತಿತ್ತು. “ಅದು ಆಗಲೂ ಇತ್ತು” ಎಂದರು.

ಚಂದ್ರನ ಕೆಳಗಣ ಅಂಚಿಗೆ ಯಾರೋ ಬೆರಳಿನಿಂದ ಕಾಡಿಗೆ ಒರಸಿದಂತೆ ಆಯಿತು. ಗ್ರಹಣವು ಬಹಳ ಸಣ್ಣದು. ಎಂಟರಲ್ಲಿ ಒಂದು ಪಾಲೂ ಮರೆಯಾಗಲಿಲ್ಲ. ಅಜ್ಜಿ ಮಾತ್ರ ಚಂದ್ರನ ಕಡೆಗೆ ನೋಡಲೇ ಇಲ್ಲ. ಜಪಮಾಲೆಯು ಬೆರಳುಗಳಲ್ಲಿ ನಿಂತಿದ್ದಿತು. ಕಣ್ಣು ತೀರದ ಮೇಲಿದ್ದಿತು.

“ಈಗ ಅಂಜುದೀವಕ್ಕೆ ಸರಿಯಾಗಿ ಬಂದೆವು, ಅಜ್ಜೀ.”

ತೀರದುದ್ದಕ್ಕೂ ಬೆಳಕಿಗೆ ಕೊರತೆಯಿರಲಿಲ್ಲ. ಮೀನುಗಾರರ ನೂರಾರು ದೋಣಿಗಳ ಬಿಳಿಯ ದೀಪಗಳು, ಅವುಗಳ ಹಿಂದೆ ಮಂಜಿನಂಥ ಒಂದು ಹೊಳಪು. ಯಾವುದು ನೆಲದ್ದು, ಯಾವುದು ನೀರಿನದ್ದು ಎಂದು ಬೇರ್ಪಡಿಸುವಂತಿರಲಿಲ್ಲ. ಅಜ್ಜಿ ಬಹಳ ಹೊತ್ತು ನೋಡಿ, ಕೊನೆಗೆ, “ಮಗಾ, ಈ ಬೆಳಕಿನಲ್ಲಿ ಸೂಡಿ ಹಚ್ಚಿದರೆ ಕಾಣುತ್ತದೆಯೇ?” ಎಂದು ಕೇಳಿದರು.

ಯಾವ ಸೂಡಿಯೆಂದು ಮೊಮ್ಮಗಳು ಕೇಳಿದಳು. ಎಪ್ಪತ್ತೈದು ವರ್ಷಗಳಲ್ಲಿ ಯಾರೂ ಕೇಳದಿದ್ದುದನ್ನು ಅವಳು ಕೇಳಿದುದರಿಂದಲೋ, ಗ್ರಹಣಕಾಲದಲ್ಲಿ ಸುಳ್ಳನ್ನು ಇಟ್ಟುಕೊಳ್ಳಬಾರದೆಂಬ ಭಾವನೆಯಿಂದಲೋ, ಅಜ್ಜಿ ಹೇಳಿದರು.

ಹಡಗು ಹತ್ತುವ ಹಿಂದಿನ ದಿನ ತಾಯಿಯು ಅವರನ್ನು ಮರಳಿನ ಮೇಲೆ ಕೂರಿಸಿಕೊಂಡು ಒಂದು ಮಾತು ಹೇಳಿದ್ದಳು. ಅದರ ಹಿಂದಿನ ವರ್ಷ, 1947ರ ಜುಲೈ 17ರಂದು, ಮುಂಬಯಿಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ಎಂಬ ಆಗಬೋಟು ಮುಳುಗಿ ಆರುನೂರಕ್ಕೂ ಮಿಕ್ಕಿ ಜನರು ಸತ್ತಿದ್ದರು. ಆ ಸುದ್ದಿಯು ಕಾರವಾರದ ಸಂತೆಗೆ ಬಂದು, ಸಂತೆಯಿಂದ ಅರ್ಗಾದ ಬಾವಿಕಟ್ಟೆಗೆ ಬಂದು, ತಾಯಿಯ ಎದೆಯಲ್ಲಿ ಕುಳಿತಿದ್ದಿತು. “ನಿನ್ನ ಹಡಗು ಕತ್ತಲಾಗುವಾಗ ಅಂಜುದೀವದ ಆಚೆಗೆ ಹೋಗುತ್ತದೆ. ನಾನು ಗುಡ್ಡದ ತುದಿಯ ಮೇಲೆ ಸೂಡಿ ಹಿಡಿದು ನಿಂತಿರುತ್ತೇನೆ. ನೀನು ನೋಡು. ನೀನು ನೋಡಿದೆಯೆಂದು ನನಗೆ ಧೈರ್ಯ” ಎಂದಿದ್ದಳು. ಸೂಡಿಯೆಂದರೆ ಒಣಗಿದ ತೆಂಗಿನ ಮಡಲಿನ ಪಂಜು. ಕರಾವಳಿಯ ವಾಚಕರಿಗೆ ಹೇಳಬೇಕಾದುದಿಲ್ಲ.

ಹಡಗು ಕೊಲ್ಲಿಯನ್ನು ಬಿಟ್ಟಿತು. ಹೊಸ ಗಂಡನ ಎದುರಿಗೆ, ಗಂಡನ ಸೋದರತ್ತೆಯ ಎದುರಿಗೆ, ಹುಡುಗಿಗೆ ವಾಕರಿಕೆ ಬಂದಿತು. ಸೀರೆಯ ಮೇಲೆಯೂ ಆಯಿತು. ನಾಚಿಕೆಯಿಂದ ಮುಖಕ್ಕೆ ಸೆರಗು ಮುಚ್ಚಿ, ಮೂಟೆಗಳ ನಡುವೆ ಗೋಡೆಯ ಕಡೆಗೆ ತಿರುಗಿ ಮಲಗಿದವರು ಏಳಲಿಲ್ಲ. ಸೂಡಿಯ ನೆನಪಾಗಲಿಲ್ಲವೇ? ಆಯಿತು. “ಎದ್ದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ ಅನ್ನಿಸಿತು, ಮಗಾ. ಸ್ವಲ್ಪ ತಡೆದು ಏಳೋಣ, ಸ್ವಲ್ಪ ತಡೆದು ಏಳೋಣ ಎಂದುಕೊಂಡೆ. ಎದ್ದಾಗ ಎಲ್ಲ ಕತ್ತಲೆ” ಎಂದರು.

ಎರಡು ವಾರದ ಮೇಲೆ ತಮ್ಮನ ಕೈಬರಹದಲ್ಲಿ ಒಂದು ಕಾರ್ಡು ಬಂದಿತು. ತಾಯಿಗೆ ಓದುಬರಹ ಬಾರದು. ಮನೆಯ ಕ್ಷೇಮ, ಎಮ್ಮೆಯ ಕ್ಷೇಮ, ಎಲ್ಲ ಬರೆದು ಕೊನೆಯಲ್ಲಿ: ಸೂಡಿ ಕಂಡಿತೇ ಎಂದು ಆಯಿ ಕೇಳುತ್ತಾಳೆ. ಇವರು ಉತ್ತರ ಬರೆದರು: ಕಂಡಿತು, ಬಹಳ ಹೊತ್ತು ಕಂಡಿತು. ಆ ಕಾರ್ಡನ್ನು ತಾಯಿಯು ಕೇರಿಯಲ್ಲೆಲ್ಲ ಓದಿಸಿ ಕೇಳಿಸಿದಳಂತೆ.

ಬೇಸಿಗೆಯಲ್ಲಿ ತವರಿಗೆ ಹೋಗುವುದೆಂದಿದ್ದಿತು. ಆದರೆ ಗಂಡನ ಮನೆಯಲ್ಲಿ ಒಂದು ವಿವಾಹವು ಅಡ್ಡ ಬಂದಿತು. 1949ರ ಆಷಾಢದಲ್ಲಿ ತಾಯಿಯು ಜ್ವರದಿಂದ ತೀರಿಕೊಂಡಳು. ಹಡಗಿಲ್ಲ, ಹೊಳೆಗಳೆಲ್ಲ ತುಂಬಿವೆ; ಕಾಗದವು ತಲಪಿದಾಗ ಹನ್ನೆರಡನೆಯ ದಿನದ ಕ್ರಿಯೆಯೂ ಆಗಿಹೋಗಿತ್ತು. ಶರತ್ಕಾಲದಲ್ಲಿ ಮೊದಲ ಹಡಗಿಗೆ ಹೋದಾಗ ತಮ್ಮನು ಹೇಳಿದನು: ಆ ಸಂಜೆ ಆಯಿಯು ಹನ್ನೊಂದು ಸೂಡಿಗಳನ್ನು ಉರಿಸಿದಳು. ಹಡಗು ದಾಟಿ ಹೋಯಿತು, ಇನ್ನು ಸಾಕು ಎಂದು ಅವನು ಎಷ್ಟು ಹೇಳಿದರೂ, ಇನ್ನೂ ಕಾಣುತ್ತಿರಬಹುದು, ಇನ್ನೂ ಕಾಣುತ್ತಿರಬಹುದು ಎಂದು ಒಂದರಿಂದ ಒಂದಕ್ಕೆ ಬೆಂಕಿ ಹಚ್ಚುತ್ತ, ಕೊನೆಗೆ ಸೆರಗಿನ ಅಂಚು ಸುಟ್ಟ ಮೇಲೆಯೇ ಇಳಿದಳು. ತಮ್ಮನಿಗೂ ನಿಜವನ್ನು ಹೇಳಲಾಗಲಿಲ್ಲ. ಕಾರ್ಡು ಬರೆದುಕೊಟ್ಟವನು ಅವನೇ ಅಲ್ಲವೇ? ಅವನು ತೀರಿಕೊಂಡು ವರ್ಷಗಳಾದವು, ಗಂಡನು ತೀರಿಕೊಂಡನು, ಆ ಗುಡ್ಡವು ಗೋಡೆಯ ಒಳಗೆ ಸೇರಿತು.

ಇಷ್ಟನ್ನು ಹೇಳುವಾಗ ಅಜ್ಜಿಯ ಧ್ವನಿಯಲ್ಲಿ ಏರಿಳಿತವಿರಲಿಲ್ಲ. ಮನೆಯ ಲೆಕ್ಕವನ್ನು ಒಪ್ಪಿಸುವವರಂತೆ ಹೇಳಿದರು. ಮೊಮ್ಮಗಳು ಅವರ ಕೈಯನ್ನು ಹಿಡಿದುಕೊಂಡಿದ್ದಳು. ಮೊಮ್ಮಗನು ಒಳ್ಳೆಯ ಮನಸ್ಸಿನವನು. ಏನಾದರೂ ಹೇಳದೆ ಇರಲಾರದವನು. ಅವನು ಭೂಮಿಯ ಗೋಲತ್ವವನ್ನೂ ನೋಡುವವನ ಎತ್ತರವನ್ನೂ ಲೆಕ್ಕ ಹಾಕಿ, ಈಗ ಹಡಗಿರುವ ದೂರಕ್ಕೆ ಗುಡ್ಡದ ಮೇಲಿನ ಪಂಜು ಕಾಣುವುದು ಬಹಳ ಕಷ್ಟವೆಂದು ವಿವರಿಸಿದನು. ಅದು ನಿಜವೇ. ಬಳಿಕ ಮೆಲ್ಲಗೆ, “ಆಗಲೂ ಅಷ್ಟೇ ಅಜ್ಜೀ, ಅಷ್ಟು ದೂರಕ್ಕೆ ಅದು ಕಾಣುತ್ತಿರಲಿಲ್ಲ. ನೀವು ಎದ್ದು ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ” ಎಂದನು. ಇದು ಲೆಕ್ಕದಿಂದ ಬಂದ ಮಾತಲ್ಲ.

ಅಜ್ಜಿ ಅವನ ಕಡೆಗೆ ತಿರುಗಿ ನೋಡಿದರು. “ಆಗಬೋಟು ಇಷ್ಟು ದೂರ ಹೋಗುತ್ತಿರಲಿಲ್ಲ, ಮಗಾ. ಎರಡು ಮೂರು ಮೈಲಿ. ನಮ್ಮೂರಿನಲ್ಲಿ ಮೀನಿಗೆ ಹೋದವರು ಅದಕ್ಕಿಂತ ಆಚೆಯಿಂದ ದಡದ ಸೂಡಿ ನೋಡಿ, ಇದು ನನ್ನ ಮನೆಯದ್ದು, ಇದು ನೆರೆಮನೆಯದ್ದು ಎಂದು ಗುರುತು ಹಿಡಿಯುತ್ತಿದ್ದರು. ಕಾಣುತ್ತಿತ್ತು” ಎಂದರು. ಸ್ವಲ್ಪ ತಡೆದು, “ಚೆನ್ನಾಗಿ ಕಾಣುತ್ತಿತ್ತು” ಎಂದರು.

ಅವರ ಹಿಂದೆ ಬಾಗಿಲಿನ ಬಳಿ ಹಿರಿಯ ಮಗನು ನಿಂತಿದ್ದನು. ಗ್ರಹಣದ 

ಗಾಳಿಯಲ್ಲಿ ತಾಯಿಯು ಹೊರಗಿರುವುದು ಸರಿಯಲ್ಲವೆಂದು ಗದರಿಸಲು ಬಂದವನು, ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕೈಯಲ್ಲಿದ್ದ ಕಂಬಳಿಯನ್ನು ಅವರ ಕಾಲುಗಳ ಮೇಲೆ ಹೊದೆಸಿ ಹಾಗೆಯೇ ನಿಂತನು. ಅರುವತ್ತೆಂಟು ವರ್ಷದ ಆ ಮನುಷ್ಯನಿಗೆ ತನ್ನ ತಾಯಿಯೂ ಒಬ್ಬಳ ಮಗಳೆಂಬುದು ಅಂದಿನವರೆಗೆ ಹೊಳೆದಿರಲಿಲ್ಲವೆಂದು ಮುಖದಿಂದ ತೋರುತ್ತಿತ್ತು. ಅಂಜುದೀವವು ಹಿಂದಾಯಿತು. ದೇವಗಡದ ದೀಪವು ಇನ್ನೂ ಬಹಳ ಹೊತ್ತು ಮಿನುಗುತ್ತಿತ್ತು. ಅದು ಪೂರ್ತಿಯಾಗಿ ಮರೆಯಾಗುವವರೆಗೆ ಅಜ್ಜಿ ಅಲ್ಲಿಂದ ಕದಲಲಿಲ್ಲ.

ಮೋಕ್ಷವಾದ ಮೇಲೆ ಸ್ನಾನದ ಪ್ರಶ್ನೆಯು ಎದ್ದಿತು. ಗ್ರಹಣದ ಬಿಡುಗಡೆಗೆ ಸಮುದ್ರಸ್ನಾನವು ಶ್ರೇಷ್ಠ. ಸುತ್ತಲೂ ಸಮುದ್ರವಿದ್ದರೂ ಅದರ ಒಂದು ಹನಿಯನ್ನೂ ಮುಟ್ಟುವ ಉಪಾಯವಿಲ್ಲ. ಆಗ ಇಂಜಿನಿಯರು, ಹಿಂದಿನ ಸೋಲನ್ನು ಸರಿಪಡಿಸುವ ಆಸೆಯಿಂದಲೋ ಏನೋ, ಇಂಥ ಹಡಗುಗಳಲ್ಲಿ ಸಮುದ್ರದ ನೀರನ್ನೇ ಯಂತ್ರದಿಂದ ಉಪ್ಪು ತೆಗೆದು ಸಿಹಿನೀರಾಗಿ ಮಾಡುತ್ತಾರೆಂದೂ, ಕೋಣೆಯ ನಲ್ಲಿಯಲ್ಲಿ ಬರುವುದು ಸಮುದ್ರವೇ ಎಂದೂ ತಿಳಿಸಿದನು. ಸೊಸೆಯಂದಿರಿಗೆ ಬಹಳ ಸಮಾಧಾನವಾಯಿತು. ಅಜ್ಜಿಗೆ ಆಗಲಿಲ್ಲ. “ಉಪ್ಪು ತೆಗೆದ ಮೇಲೆ ಸಮುದ್ರವೆಲ್ಲಿ ಉಳಿಯಿತು?” ಎಂದರು. ಮೊಮ್ಮಗಳು ಏನನ್ನೂ ಹೇಳದೆ ಎದ್ದು ಹೋಗಿ, ರಾತ್ರಿಯೆಲ್ಲ ತೆರೆದಿದ್ದ ಭೋಜನಶಾಲೆಯಿಂದ ಕಾಗದದ ಸಣ್ಣ ಸಣ್ಣ ಉಪ್ಪಿನ ಪೊಟ್ಟಣಗಳನ್ನು ಒಂದು ಹಿಡಿ ತಂದಳು. ಕೋಣೆಯಲ್ಲಿ ಬಕೆಟು ಇರಲಿಲ್ಲ. ಐಸನ್ನು ಇಡುವ ಪಾತ್ರೆಯಲ್ಲಿ ನೀರು ತುಂಬಿ, ಪೊಟ್ಟಣಗಳನ್ನು ಒಂದೊಂದಾಗಿ ಹರಿದು ಸುರಿದು, ಕದಡಿ, ಅಜ್ಜಿಯ ತಲೆಯ ಮೇಲೆ ಹೊಯ್ದಳು. ಅಜ್ಜಿ ಒಂದು ಹನಿಯನ್ನು ನಾಲಗೆಗೆ ಹಚ್ಚಿ ನೋಡಿ, ಸರಿಯಾಗಿದೆಯೆಂದು ತಲೆಯಾಡಿಸಿ, ತಾಯಿಯ ಹೆಸರು ಹೇಳಿ ಮೂರು ಬೊಗಸೆ ನೀರನ್ನು ಬಿಟ್ಟರು. ಹೆಂಗಸರು ತರ್ಪಣವನ್ನು ಕೊಡಬಹುದೇ ಎಂಬ ಧರ್ಮಸೂಕ್ಷ್ಮವನ್ನು ಆ ಹೊತ್ತಿನಲ್ಲಿ ಯಾರೂ ಎತ್ತಲಿಲ್ಲ.

ಬೆಳಗಾಗುವಾಗ ಹಡಗು ಕಾಪುವಿನ ಹತ್ತಿರಕ್ಕೆ ಬಂದಿದ್ದಿತು. 1901ರ ಆ ದೀಪಸ್ತಂಭವು ದೂರದರ್ಶಕದಲ್ಲಿ ಬೆರಳಿನ ಗಾತ್ರ ಕಂಡಿತೆಂದು ಮಕ್ಕಳು ಕೂಗಿದರು. ಘಟ್ಟದ ಸಾಲಿನ ಮೇಲೆ ಕುದುರೆಮುಖವು ನಿಜವಾಗಿಯೂ ಕುದುರೆಯ ಮುಖದಂತೆ ತೋರಿತು. ಹಿಂದಿನ ನಾವಿಕರು ಅದನ್ನು ನೋಡಿ ದಾರಿಯ ಗುರುತು ಹಿಡಿಯುತ್ತಿದ್ದರೆಂದು ಹಿರಿಯ ಮಗನು ಹೇಳಿದನು. ಹಿಂದಿನ ದಿನ ಚದರಿಹೋಗಿದ್ದ ಹದಿಮೂರು ಮಂದಿಯಲ್ಲಿ ಹನ್ನೆರಡು ಮಂದಿಯೂ ಎಡಗಡೆಯ ಕಟಕಟೆಯ ಬಳಿ ಸೇರಿದ್ದರು. ಎಂಟು ಗಂಟೆಯ ಸುಮಾರಿಗೆ ಮಂಗಳೂರು ಎದುರಾಯಿತು. ಬಂದರಿನ ಎತ್ತುವ ಯಂತ್ರಗಳು, ಅವುಗಳ ಹಿಂದೆ ಊರಿನ ಬಿಳಿಯ ಕಟ್ಟಡಗಳು. ನಮ್ಮ ಮನೆ ಎಲ್ಲಿ, ನಮ್ಮ ಮನೆ ಎಲ್ಲಿ ಎಂದು ಮಕ್ಕಳು ಹುಡುಕಿದರು.

ಅಮ್ಮನನ್ನು ಎಬ್ಬಿಸಲೇ ಎಂದು ಎರಡನೆಯ ಮಗನು ಕೇಳಿದನು.

“ಬೇಡ. ಮಲಗಲಿ” ಎಂದನು ಅಣ್ಣನು.

ಅಜ್ಜಿ ಗೋಡೆಯ ಕಡೆಗೆ ತಿರುಗದೆ, ಕಿಟಕಿಯ ಕಡೆಗೆ ಮುಖ ಮಾಡಿ ಮಲಗಿದ್ದರು. ಒದ್ದೆ ಕೂದಲು ದಿಂಬಿನ ಮೇಲೆ ಹರಡಿದ್ದಿತು. ಮೊಮ್ಮಗಳು ಹರಿದ ಉಪ್ಪಿನ ಪೊಟ್ಟಣಗಳನ್ನು ಮೇಜಿನ ಮೇಲಿಂದ ಒಟ್ಟುಮಾಡಿ ಎಣಿಸಿದಳು. ಹನ್ನೆರಡಿದ್ದವು. ಅವುಗಳಲ್ಲಿ ಒಂದು ಒಡೆದಿರಲಿಲ್ಲ. ಅದನ್ನು ತನ್ನ ಚೀಲದಲ್ಲಿ ಹಾಕಿಕೊಂಡಳು.